ನೌಕರಿಯ ದಲಾಲರನ್ನು ನಂಬಬಹುದೆ?

ಯಲ್ಲಾಪುರ ತಾಲೂಕಿನ ಚಂದಗುಳಿಯ ಸಿದ್ಧಿವಿನಾಯಕನ ದೇವಸ್ಥಾನವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ನೋಡದವರು ‘ಘಂಟೆ ಗಣಪತಿ’ ಎಂಬ ಹೆಸರನ್ನಾದರೂ ಕೇಳಿಯೇ ಇರುವರು. ಹರಕೆ ಹೊತ್ತವರು ತಮ್ಮ ಇಷ್ಟಾರ್ಥವು ಕೈಗೂಡಿದ ಬಳಿಕ ಇಲ್ಲಿಗೆ ಬಂದು ಘಂಟೆಯೊಂದನ್ನು ಕಟ್ಟಿ ಹೋಗುವದು ಪದ್ಧತಿ. ಹಾಗೆ ಕಟ್ಟಿದ ಚಿಕ್ಕ ದೊಡ್ಡ ಘಂಟೆಗಳು ಸಾಲುಸಾಲಾಗಿ ತೂಗುತ್ತಿರುತ್ತವೆ. ಹಿಂದೆ ಸಂತಾನ, ವಿವಾಹ, ಕೋರ್ಟಿನ ವ್ಯಾಜ್ಯ, ದೀರ್ಘವ್ಯಾಧಿ ಇವೇ ಹರಕೆಗೆ ಕಾರಣಗಳಾಗಿದ್ದವು. ಈಗ ಇವುಗಳ ಜೊತೆಗೆ ಇನ್ನೊಂದು ಸೇರಿದೆ. ಮಗನಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರಿ ಸಿಕ್ಕಿತು, ಮಗಳಿಗೆ ಇನ್ನೂ ಹೆಚ್ಚಿನ ಸಂಬಳದ ಸ್ಥಾನ ದೊರೆಯಿತು ಎಂದು ಘಂಟೆ ಕಟ್ಟಲು ಬರುವ ತಾಯಂದಿರು ಈ ಸೀಮೆಯಲ್ಲಿ ಅಪರೂಪವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಲ್ಲಿ ಬೆಂಗಳೂರಿಗೆ ಒಬ್ಬರನ್ನಾದರೂ ಕಳಿಸದ ಮನೆಯನ್ನು ಹುಡುಕುವದೇ ಈಗ ಕಷ್ಟವಾಗಿದೆ.

ಮೂರು ವರ್ಷಗಳ ಕೆಳಗೆ ನಾವು ಆ ಕಡೆಗೆ ಹೋಗಿದ್ದಾಗ ಪರಿಚಿತರಾದ ಒಬ್ಬ ತೋಟಿಗರ ಮನೆಯಲ್ಲಿ ಇಳಿದುಕೊಂಡಿದ್ದೆವು. ಅವರ ಮಗನು ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು; ರಜೆಗೆಂದು ಮನೆಗೆ ಬಂದಿದ್ದನು. ಮಧ್ಯಾಹ್ನದ ಊಟವಾಗಿ ಕವಳ ಹಾಕುವ ಹೊತ್ತಿಗೆ ಅವನಿಗೆ ಫೋನು ಬಂದಿತು. ಮನೆಯೊಳಗೆ ಸಿಗ್ನಲ್ ನಿಲ್ಲದ್ದರಿಂದ ಅವನು ಅಂಗಳವನ್ನು ದಾಟಿ ಬೆಟ್ಟದ ಅಂಚಿಗೆ ಓಡಿದನು. ಹತ್ತು ನಿಮಿಷಗಳ ತರುವಾಯ ಅರಳಿದ ಮುಖದಿಂದ ಮರಳಿ ಬಂದನು.

“ಎಷ್ಟು ಕೊಡ್ತ್ವಡಾ, ತಮಾ?” ಎಂದು ತಂದೆಯವರು ಕೇಳಿದರು.

“ವರ್ಷಕ್ಕೆ ಹನ್ನೆರಡು ಲಕ್ಷ ಅಡ, ಅಪ್ಪಯ್ಯ.”

“ಅಂದ್ರೆ ತಿಂಗಳಿಗೆ ಒಂದು ಲಕ್ಷ ಆತಲ!”

ಒಳಗಿನಿಂದ ಅವನ ತಾಯಿಯು ಬಂದು, ಗಣಪತಿಗೆ ಒಂದು ಘಂಟೆಯನ್ನು ಹೇಳಿಕೊಂಡಿರುವದಾಗಿ ಆಗಲೇ ತಿಳಿಸಿದಳು. ನಾವೂ ಸಂತೋಷಪಟ್ಟೆವು. ಆದರೆ ಆ ಫೋನಿನಲ್ಲಿ ನಡೆದ ಮಾತು ಏನೆಂಬದನ್ನು ಹುಡುಗನು ಸಾಯಂಕಾಲ ನಮಗೆ ವಿವರವಾಗಿ ಹೇಳಿದ ಮೇಲೆ ನಮ್ಮ ಮನಸ್ಸಿನಲ್ಲಿ ಒಂದು ಸಂಶಯವು ಹುಟ್ಟಿತು. ಫೋನು ಮಾಡಿದವರು ಕಂಪನಿಯ ಯಜಮಾನರಲ್ಲ. ರಿಕ್ರೂಟರ್ ಎಂದು ಕರೆಯಲ್ಪಡುವ, ಕಂಪನಿಗೆ ಆಳುಗಳನ್ನು ಹುಡುಕಿ ಕೊಡುವ ಒಬ್ಬ ತರುಣಿ. “ಈಗ ತಮಗೆ ಎಷ್ಟು ಸಂಬಳವಿದೆ ಸರ್?” ಎಂದು ಅವಳು ಕೇಳಿದಳು, ಇವನು ಎಂಟು ಲಕ್ಷವೆಂದನು. “ಎಷ್ಟನ್ನು ಅಪೇಕ್ಷಿಸುತ್ತೀರಿ?” ಎಂದಳು, ಇವನು ಅಳುಕುತ್ತ ಹನ್ನೆರಡು ಎಂದನು. “ಆಗಬಹುದು ಸರ್, ನಾನು ಮಾತಾಡಿ ಮಾಡಿಸಿಕೊಡುತ್ತೇನೆ” ಎಂದಳಂತೆ. ಕೇಳಿದ ಬೆಲೆಗೆ ಕೊಳ್ಳುವವನು ತಟ್ಟನೆ ಒಪ್ಪಿದನೆಂದರೆ ಮಾರುವವನು ಹಿಗ್ಗಬೇಕೋ, ಮರುಗಬೇಕೋ? ಅಡಿಕೆ ಬೆಳೆಯುವವರ ಮಗನಿಗೆ ಈ ಪ್ರಶ್ನೆ ಹೊಳೆಯಲಿಲ್ಲವೆಂಬದೇ ನಮಗೆ ಆಶ್ಚರ್ಯ.

ಇಂಥ ಮಧ್ಯಸ್ಥರ ಮಾತನ್ನು ಸಂಬಳದ ವಿಷಯದಲ್ಲಿ ಎಷ್ಟರ ಮಟ್ಟಿಗೆ ನಂಬಬಹುದು ಎಂಬದೇ ಪ್ರಸ್ತುತ ಲೇಖನದ ವಿಷಯ. ಇದು ತರುಣರ ಪ್ರಶ್ನೆಯಷ್ಟೇ ಅಲ್ಲ. ಆ ಸಂಬಳವನ್ನು ನಂಬಿ ಮನೆಗೆ ಹೆಂಚು ಬದಲಿಸುವವರು, ಸೊಸೈಟಿಯ ಸಾಲಕ್ಕೆ ಕಂತು ಕಟ್ಟುವವರು, ಮಗಳ ಮದುವೆಯನ್ನು ನಿಶ್ಚಯಿಸುವವರು ಗೃಹಸ್ಥರೇ ಆಗಿರುವದರಿಂದ ಇದು ನಮ್ಮೆಲ್ಲರ ಪ್ರಶ್ನೆಯೂ ಆಗಿದೆ.

ದಲಾಲಿಯ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಅಡಿಕೆಯ ಬೆಳೆಗಾರನು ಮೂಟೆಗಳನ್ನು ಗಾಡಿಗೆ ಹೇರಿಕೊಂಡು ಪೇಟೆಗೆ ಹೋಗಿ, ಅಲ್ಲಿಯ ವ್ಯಾಪಾರಿಯ ಮುಂದೆ ಕೈಕಟ್ಟಿ ನಿಂತು, ಅವನು ಹೇಳಿದ ದರವೇ ದರವೆಂದು ತಿಳಿದು ಬರುತ್ತಿದ್ದ ಕಾಲವೊಂದಿತ್ತು. ಮುಂಗಡ ಸಾಲವನ್ನು ತೆಗೆದುಕೊಂಡವನಿಗಂತೂ ಬೇರೊಬ್ಬನ ಅಂಗಡಿಯ ಮೆಟ್ಟಿಲನ್ನು ಹತ್ತುವ ಸ್ವಾತಂತ್ರ್ಯವೂ ಇರಲಿಲ್ಲ. ದನದ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವದನ್ನು ಹಿರಿಯರು ಕಂಡಿದ್ದಾರೆ. ಬೆರಳು ಹಿಡಿದ ಇಬ್ಬರಿಗೆ ಹೊರತು ಸುತ್ತ ನಿಂತ ನೂರು ಜನಕ್ಕೆ ಬೆಲೆಯು ತಿಳಿಯದು; ಎತ್ತಿನ ಯಜಮಾನನಿಗೂ ಒಮ್ಮೊಮ್ಮೆ ತಿಳಿಯದು, ಯಾಕಂದರೆ ಬೆರಳು ಹಿಡಿದವನು ಅವನ ಪರವಾಗಿ ಬಂದ ದಲಾಲನಾಗಿರುತ್ತಿದ್ದನು.

ಈ ಕಷ್ಟವನ್ನು ನೀಗುವದಕ್ಕಾಗಿ ಬೆಳೆಗಾರರು ಒಂದುಗೂಡಿದರು. 1923ನೇ ಇಸವಿಯಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯು ಸ್ಥಾಪಿತವಾಯಿತು. ಟಿ.ಎಸ್.ಎಸ್. ಎಂದರೆ ಈ ಸೀಮೆಯ ಚಿಕ್ಕ ಮಕ್ಕಳಿಗೂ ಗೊತ್ತು. ಅಲ್ಲಿಯ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ಅಡಿಕೆಯನ್ನು ಜಾತಿಜಾತಿಯಾಗಿ ವಿಂಗಡಿಸಿ ಇಡುತ್ತಾರೆ. ಖರೀದಿದಾರರು ಮಾಲನ್ನು ಕೈಯಲ್ಲಿ ಹಿಡಿದು, ಕಡಿದು, ಪರೀಕ್ಷಿಸಿ ತಮ್ಮ ತಮ್ಮ ದರವನ್ನು ಟೆಂಡರಿನಲ್ಲಿ ಬರೆಯುತ್ತಾರೆ. ಒಬ್ಬನು ಬರೆದದ್ದು ಇನ್ನೊಬ್ಬನಿಗೆ ತಿಳಿಯದು. ಮೇಲಿನ ದರ ಬರೆದವನಿಗೆ ಮಾಲು. ದರವು ಮನಸ್ಸಿಗೆ ಬಾರದಿದ್ದರೆ ಬೆಳೆಗಾರನು ಕೊಡದೆ ಇಟ್ಟುಕೊಳ್ಳಬಹುದು. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಸರಾಸರಿ ಎಷ್ಟು ಎಂಬ ಧಾರಣೆಯು ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಚಂದಗುಳಿಯ ತೋಟಿಗನು ಚಹ ಕುಡಿಯುತ್ತ ಶಿರಸಿಯ ಧಾರಣೆಯನ್ನೂ ಯಲ್ಲಾಪುರದ ಧಾರಣೆಯನ್ನೂ ಹೋಲಿಸಿ ನೋಡುತ್ತಾನೆ. ಸೊಸೈಟಿಯು ಮಾರಾಟದ ಮೇಲೆ ತನ್ನ ಕಮಿಶನ್ನನ್ನು ಹಿಡಿದುಕೊಳ್ಳುವದು ನಿಜ. ಆದರೆ ಆ ಕಮಿಶನ್ ಬರುವದು ಮಾರುವವನ ಹಣದಿಂದ, ಸೊಸೈಟಿಯ ಸದಸ್ಯನೂ ಮಾರುವವನೇ.

ಈಗ ಅದೇ ತೋಟಿಗನ ಮಗನು ತನ್ನ ವಿದ್ಯೆಯನ್ನೂ ವರ್ಷಗಳ ದುಡಿಮೆಯನ್ನೂ ಮಾರುವ ಪೇಟೆಯನ್ನು ನೋಡಿರಿ. ಇಲ್ಲಿ ಧಾರಣೆಯ ಹಲಗೆಯೇ ಇಲ್ಲ. ಒಂದೇ ಕೋಣೆಯಲ್ಲಿ, ಒಂದೇ ಕೆಲಸವನ್ನು ಮಾಡುವ ಇಬ್ಬರಲ್ಲಿ ಒಬ್ಬನಿಗೆ ಎಂಟು ಲಕ್ಷ, ಇನ್ನೊಬ್ಬನಿಗೆ ಹದಿನಾಲ್ಕು ಲಕ್ಷ ಇರಬಹುದು. ಪರಸ್ಪರ ಹೇಳಿಕೊಳ್ಳಬಾರದೆಂದು ಕರಾರುಪತ್ರದಲ್ಲಿಯೇ ಬರೆದಿರುವದೂ ಉಂಟು. ಮಧ್ಯಸ್ಥನ ಕೂಲಿಯು ಕೊಳ್ಳುವವನಿಂದ ಬರುತ್ತದೆ. ಹರಾಜು ಇಲ್ಲ, ಟೆಂಡರಿಲ್ಲ. ಟವೆಲಿನ ಮರೆಯ ವ್ಯಾಪಾರವೇ ಇಲ್ಲಿ ಫೋನಿನಲ್ಲಿ ನಡೆಯುತ್ತದೆ.

ರಿಕ್ರೂಟರರೆಲ್ಲರೂ ಒಂದೇ ತೆರನಾದವರಲ್ಲ. ಕೆಲವರು ಕಂಪನಿಯ ಸಂಬಳದ ನೌಕರರೇ. ಎಚ್‌ಆರ್ ಶಾಖೆಯಲ್ಲಿ ಕುಳಿತು, ಈ ತಿಂಗಳು ಇಷ್ಟು ಸ್ಥಾನಗಳನ್ನು ತುಂಬಬೇಕು, ಇಷ್ಟು ದಿನಗಳೊಳಗೆ ತುಂಬಬೇಕು, ಒಪ್ಪಿದವರಲ್ಲಿ ಇಷ್ಟು ಜನರಾದರೂ ಬಂದು ಸೇರಬೇಕು ಎಂಬ ಲೆಕ್ಕಕ್ಕೆ ಕಟ್ಟುಬಿದ್ದವರು. ಅಭ್ಯರ್ಥಿಗೆ ಒಂದು ಲಕ್ಷ ಕಡಿಮೆಯಾಯಿತೆಂದು ಅವರಿಗೆ ಒಂದು ಬಿಡಿಗಾಸೂ ಹೆಚ್ಚು ಬರುವದಿಲ್ಲ. ಇಂಥವರನ್ನು ಜನರು ಹಣ ಉಳಿಸುವ ವೈರಿಗಳೆಂದು ಭಾವಿಸುವದು ತಪ್ಪು. ಅವರಿಗೆ ಬೇಕಾದದ್ದು ಕೆಲಸವು ಬೇಗ ಮುಗಿಯುವದು. ಆದರೆ ಪ್ರತಿಯೊಂದು ಸ್ಥಾನಕ್ಕೆ ಇಷ್ಟರಿಂದ ಇಷ್ಟರವರೆಗೆ ಕೊಡಬಹುದೆಂಬ ಅಂಕಿಯು ಅವರ ಮುಂದೆ ಇರುತ್ತದೆ. ಹುಡುಗನ ಮುಂದೆ ಇರುವದಿಲ್ಲ. ಹುಡುಗನು ತಾನಾಗಿಯೇ ಆ ಅಂಕಿಯ ಕೆಳತುದಿಯಲ್ಲಿ ನಿಂತರೆ ಅವನನ್ನು ಮೇಲಕ್ಕೆತ್ತುವ ಹೊಣೆಯು ತಮ್ಮದೆಂದು ಅವರು ತಿಳಿಯುವದಿಲ್ಲ.

ಇನ್ನು ಕನ್ಸಲ್ಟೆನ್ಸಿ ಎಂಬ ಹೆಸರಿನಿಂದ ಹೊರಗಿನಿಂದ ಆಳು ಒದಗಿಸುವವರು. ಹುಡುಗನು ಸೇರಿದರೆ ಅವನ ವಾರ್ಷಿಕ ಸಂಬಳದ ಮೇಲೆ ಶೇಕಡಾ ಇಷ್ಟೆಂದು ಇವರಿಗೆ ಕಂಪನಿಯು ಕೊಡುತ್ತದೆ. ನಮ್ಮ ದೇಶದಲ್ಲಿ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಎಂಬದು ಬಹಳ ರೂಢಿಯಲ್ಲಿರುವ ದರ, ಹೆಚ್ಚಿನದೂ ಉಂಟು. ಇದನ್ನು ಕೇಳಿದವರು, ‘ಹಾಗಾದರೆ ಹುಡುಗನ ಸಂಬಳ ಹೆಚ್ಚಿದಷ್ಟು ದಲಾಲಿಯೂ ಹೆಚ್ಚಲಿಲ್ಲವೆ? ಅವನ ಹಿತವೇ ಇವನ ಹಿತವಷ್ಟೆ?’ ಎನ್ನುವರು. ಕಂಪನಿಯ ಕಡೆಯವರಿಗಿಂತ ಹೊರಗಿನ ದಲಾಲನೇ ನಂಬಿಕೆಗೆ ಯೋಗ್ಯನೆಂದು ಅನೇಕ ತರುಣರು ನಮ್ಮೊಡನೆ ವಾದಿಸಿರುವದೂ ಇದೇ ಆಧಾರದ ಮೇಲೆ. ಲೆಕ್ಕ ಹಾಕಿ ನೋಡೋಣ. ಹನ್ನೆರಡು ಲಕ್ಷದ ಮೇಲೆ ದಲಾಲಿಯು 99,960 ರೂಪಾಯಿ. ಹುಡುಗನು ಹಟ ಹಿಡಿದು ಹದಿಮೂರು ಲಕ್ಷ ಮಾಡಿಸಿಕೊಂಡರೆ 1,08,290 ರೂಪಾಯಿ. ದಲಾಲನಿಗೆ ಹೆಚ್ಚಿದ್ದು 8,330 ರೂಪಾಯಿ, ಅದೂ ಒಂದೇ ಸಲ. ಆದರೆ ಆ ಹಟದಲ್ಲಿ ವ್ಯವಹಾರವೇ ಮುರಿದುಬಿದ್ದರೆ ಅವನ ಒಂದು ಲಕ್ಷವೂ ಹೋಯಿತು. ಎಂಟು ಸಾವಿರದ ಆಸೆಗೆ ಒಂದು ಲಕ್ಷವನ್ನು ಪಣಕ್ಕೆ ಒಡ್ಡುವ ದಲಾಲನು ಎಲ್ಲಿದ್ದಾನೆ? ಆದುದರಿಂದಲೇ ಅವನು “ಇದಕ್ಕಿಂತ ಹೆಚ್ಚು ಅವರು ಕೊಡಲಾರರು ಸರ್, ಒಪ್ಪಿಕೊಂಡುಬಿಡಿ” ಎನ್ನುವದು. ಅವನು ದುಷ್ಟನೆಂದಲ್ಲ, ಅವನ ಲೆಕ್ಕವೇ ಹಾಗಿದೆ.

ಹುಡುಗನ ಲೆಕ್ಕವಾದರೋ ಬೇರೆ. ಅವನಿಗೆ ಆ ಒಂದು ಲಕ್ಷವು ಒಂದೇ ಸಲದ್ದಲ್ಲ. ಮುಂದಿನ ಪ್ರತಿಯೊಂದು ಏರಿಕೆಯೂ ಹಿಂದಿನ ಸಂಬಳದ ಮೇಲೆ ಶೇಕಡಾವಾರಿನಲ್ಲಿಯೇ ಬರುವದಷ್ಟೆ? ವರ್ಷಕ್ಕೆ ಶೇಕಡಾ 10ರಂತೆ ಏರಿದರೆ ಮೊದಲನೆಯ ವರ್ಷದ ಒಂದು ಲಕ್ಷದ ಅಂತರವು ಆರನೆಯ ವರ್ಷಕ್ಕೆ 1 ಲಕ್ಷ 61 ಸಾವಿರವಾಗುತ್ತದೆ. ಆರು ವರ್ಷಗಳ ಒಟ್ಟು ಅಂತರವು 7 ಲಕ್ಷ 71 ಸಾವಿರಕ್ಕೆ ಮುಟ್ಟುತ್ತದೆ. ಹತ್ತು ನಿಮಿಷದ ಫೋನಿನ ಮಾತಿಗೆ ಇಷ್ಟು ಬೆಲೆಯಿರುವದನ್ನು ತಿಳಿದರೆ ಬೆಟ್ಟದ ಅಂಚಿನಲ್ಲಿ ನಿಂತು ಅವಸರದಿಂದ ಉತ್ತರಿಸುವವರು ಯಾರೂ ಇರಲಾರರು.

ಇನ್ನೊಂದು ಬಗೆಯವರನ್ನು ಕುರಿತು ಮಾತ್ರ ನಾವು ನಮ್ಮ ವಾಚಕರನ್ನು ಹೆಚ್ಚು ಎಚ್ಚರಿಸಬೇಕಾಗಿದೆ. ಇವರು ಹುಡುಗನನ್ನು ತಮ್ಮ ಪಟ್ಟಿಯಲ್ಲಿಯೇ ನೌಕರನೆಂದು ಸೇರಿಸಿಕೊಂಡು, ದೊಡ್ಡ ಕಂಪನಿಗೆ ಗುತ್ತಿಗೆಯ ಮೇಲೆ ಒದಗಿಸುವವರು. ದೊಡ್ಡ ಕಂಪನಿಯು ತಿಂಗಳಿಗೆ ಅಥವಾ ಗಂಟೆಗೆ ಇಷ್ಟೆಂದು ಇವರಿಗೆ ಕೊಡುತ್ತದೆ. ಅದರಲ್ಲಿ ಹುಡುಗನಿಗೆ ಕೊಟ್ಟು ಉಳಿದದ್ದು ಇವರದು. ಇಲ್ಲಿ ಹುಡುಗನು ಬಿಟ್ಟುಕೊಟ್ಟ ಪ್ರತಿಯೊಂದು ರೂಪಾಯಿಯೂ ಮಾತಾಡುವವನ ಜೇಬಿಗೇ ಬೀಳುತ್ತದೆ. ಅಮೇರಿಕೆಗೆ ಹೋದ ನಮ್ಮವರಲ್ಲಿ ಅನೇಕರು ಇಂಥ ಮಂಡಳಿಗಳ ಮೂಲಕವೇ ಹೋದವರು. ಆದರೂ ಅಲ್ಲಿ ಒಂದು ಅನುಕೂಲವಿದೆ: ಎಚ್-1ಬಿ ಪರವಾನಗಿಗಾಗಿ ಯಜಮಾನನು ಸರಕಾರಕ್ಕೆ ಸಲ್ಲಿಸುವ ಅರ್ಜಿಯಲ್ಲಿ ಆ ಸ್ಥಾನದ ವೇತನವನ್ನು ಬರೆಯಬೇಕು, ಅಲ್ಲಿಯ ಕಾರ್ಮಿಕ ಇಲಾಖೆಯು ಆ ಅಂಕಿಗಳನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. ಬೇಕಾದವರು ಓದಿಕೊಳ್ಳಬಹುದು. ಧಾರಣೆಯ ಹಲಗೆಯೆಂದರೆ ಇಂಥದೇ.

ಈಗ ಹನ್ನೆರಡು ಲಕ್ಷವೆಂಬ ಮಾತಿನ ಅರ್ಥಕ್ಕೆ ಬರೋಣ. ರಿಕ್ರೂಟರನು ಹೇಳುವ ಅಂಕಿಯು ಸಿಟಿಸಿ. ಅಂದರೆ ಒಬ್ಬ ನೌಕರನಿಗಾಗಿ ಕಂಪನಿಗೆ ಬೀಳುವ ಒಟ್ಟು ವೆಚ್ಚ. ಹಸಿ ಅಡಿಕೆಯ ತೂಕವನ್ನೇ ಒಣ ಅಡಿಕೆಯ ತೂಕವೆಂದು ತಿಳಿಯುವ ತೋಟಿಗನಿಲ್ಲ. ಆದರೆ ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಸಂಬಳವೆಂದು ತಿಳಿಯುವ ತಂದೆಯರು ಮನೆಮನೆಯಲ್ಲಿದ್ದಾರೆ. ಒಂದು ಮಾದರಿಯನ್ನು ಕೊಡುತ್ತೇವೆ. ಹನ್ನೆರಡು ಲಕ್ಷದಲ್ಲಿ ಮೂಲವೇತನವು ಅರ್ಧ, ಆರು ಲಕ್ಷವೆಂದು ಇಟ್ಟುಕೊಳ್ಳಿರಿ. ಯಜಮಾನನು ಪಿಎಫ್‌ಗೆ ಕಟ್ಟುವ ಶೇಕಡಾ 12ರ ಪಾಲು 72,000. ಗ್ರಾಚ್ಯುಟಿಯೆಂದು ಬರೆಯುವ ಶೇಕಡಾ 4.81ರ ಪಾಲು 28,860. ಆರೋಗ್ಯವಿಮೆಗೆ 12,000 ಎನ್ನೋಣ. ಕಂಪನಿಯ ಲಾಭವನ್ನೂ ಮೇಲಧಿಕಾರಿಯ ಮರ್ಜಿಯನ್ನೂ ಅವಲಂಬಿಸಿದ ‘ವೇರಿಯೆಬಲ್’ ಎಂಬ ಭಾಗವು ಶೇಕಡಾ 10, ಅಂದರೆ 1,20,000. ಇವನ್ನು ಕಳೆದರೆ ಉಳಿಯುವದು 9,67,140. ಇದರಲ್ಲಿ ನೌಕರನ ಪಾಲಿನ ಪಿಎಫ್ ಮತ್ತೆ 72,000, ಕರ್ನಾಟಕದ ವೃತ್ತಿತೆರಿಗೆ 2,500. ಕೊನೆಗೆ ತಿಂಗಳಿಗೆ ಕೈಗೆ ಬರುವದು ಸುಮಾರು 74,400 ರೂಪಾಯಿ. ಆದಾಯತೆರಿಗೆಯ ಮಾತನ್ನು ನಾವು ಇನ್ನೂ ಎತ್ತಿಲ್ಲ.

ಪಿಎಫ್ ನಷ್ಟವಲ್ಲ, ಅದು ಉಳಿತಾಯವೆಂಬದು ನಿಜ. ಗ್ರಾಚ್ಯುಟಿಯ ವಿಷಯವು ಹಾಗಲ್ಲ. ಖಾಯಂ ನೌಕರನಿಗೆ ಅದು ಸಾಮಾನ್ಯವಾಗಿ ಐದು ವರ್ಷಗಳ ಸೇವೆಯಾದ ಮೇಲೆಯೇ ದೊರೆಯತಕ್ಕದ್ದು; ಎರಡು ವರ್ಷಕ್ಕೊಮ್ಮೆ ಕಂಪನಿಯನ್ನು ಬದಲಿಸುವ ಹುಡುಗನಿಗೆ ಆ 28,860 ರೂಪಾಯಿಯು ಕಾಗದದ ಮೇಲಿನ ಅಲಂಕಾರವೇ ಸರಿ. 2025ನೇ ಇಸವಿ ನವೆಂಬರ್ 21ರಿಂದ ದೇಶದಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ, ಅವಧಿ ನಿಶ್ಚಿತವಾದ ಕರಾರಿನ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಉಂಟು. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕೆಂದೂ, ಕೆಲಸಕ್ಕೆ ಸೇರಿದ ಪ್ರತಿಯೊಬ್ಬನಿಗೂ ನೇಮಕಾತಿಯ ಪತ್ರವನ್ನು ಕೊಡಬೇಕೆಂದೂ ಅವು ವಿಧಿಸುತ್ತವೆ. ಮೂಲವೇತನವನ್ನು ಬಹಳ ಕೆಳಗಿಟ್ಟು ಪಿಎಫ್, ಗ್ರಾಚ್ಯುಟಿಗಳನ್ನು ಕುಗ್ಗಿಸುತ್ತಿದ್ದ ಹಳೆಯ ರೂಢಿಗೆ ಇದರಿಂದ ತಡೆ ಬಿದ್ದಿದೆ. ಆದರೆ ಹೇಳಿದ ಒಟ್ಟು ಅಂಕಿಯು ಹೆಚ್ಚದೆ ಪಿಎಫ್‌ನ ಪಾಲು ಮಾತ್ರ ಹೆಚ್ಚಿದರೆ ಕೈಗೆ ಬರುವ ಹಣವು ತುಸು ಕಡಿಮೆಯೇ ಆಗುವದೆಂಬದನ್ನು ಗೃಹಸ್ಥರು ಗಮನಿಸಬೇಕು.

ಸೇರುವಾಗ ಕೊಡುವ ‘ಜಾಯಿನಿಂಗ್ ಬೋನಸ್’ ಎಂಬದೂ ಒಂದುಂಟು. ವರ್ಷ ತುಂಬುವದರೊಳಗೆ ಬಿಟ್ಟರೆ ಅದನ್ನು ಮರಳಿ ಕೊಡಬೇಕೆಂಬ ಷರತ್ತು ಅನೇಕ ಕಡೆಗೆ ಇರುತ್ತದೆ. ಎರಡನೆಯ ವರ್ಷಕ್ಕೆ ಅದು ಇಲ್ಲ. ಹೀಗಿದ್ದೂ ಅದನ್ನು ಸೇರಿಸಿಯೇ ಮೊತ್ತವನ್ನು ಹೇಳುವವರುಂಟು.

ನಮ್ಮ ಪರಿಚಿತರ ಮಗನಿಗೆ ಆದದ್ದು ಇದೇ. ಫೋನಿನ ಮಾತನ್ನು ನಂಬಿ, ಪತ್ರವು ಕೈಗೆ ಬರುವ ಮೊದಲೇ ಅವನು ಹಳೆಯ ಕಂಪನಿಗೆ ರಾಜೀನಾಮೆಯನ್ನು ಕೊಟ್ಟುಬಿಟ್ಟನು. ನಮ್ಮ ದೇಶದ ಸಾಫ್ಟ್‌ವೇರ್ ಕಂಪನಿಗಳಲ್ಲಿ 90 ದಿನಗಳ ಮುಂಗಡ ಸೂಚನೆಯು ಸಾಮಾನ್ಯವಾದದ್ದು; ಬೇಗ ಕೊಟ್ಟರೆ ಬೇಗ ಬಿಡುಗಡೆಯಾದೀತೆಂಬದು ಅವನ ಆತುರ. ಐದು ವಾರಗಳ ನಂತರ ಪತ್ರ ಬಂದಿತು. ಹನ್ನೆರಡು ಲಕ್ಷವೆಂದೇ ಬರೆದಿತ್ತು. ಆದರೆ ಕೆಳಗಿನ ಪಟ್ಟಿಯು ನಾವು ಮೇಲೆ ಕೊಟ್ಟ ಮಾದರಿಗೆ ಹತ್ತಿರವಾಗಿತ್ತು. ತಿಂಗಳಿಗೆ ಒಂದು ಲಕ್ಷವೆಂದು ಎಣಿಸಿ ತಂದೆಯವರು ಆ ವೇಳೆಗೆ ತೋಟಕ್ಕೆ ಹೊಸ ಪಂಪು, ಪೈಪುಗಳಿಗಾಗಿ ಸಾಲಕ್ಕೆ ಸಹಿ ಹಾಕಿದ್ದರು. ತಿಂಗಳಿಗೆ 25,000ಕ್ಕೂ ಮಿಕ್ಕಿದ ಕೊರತೆ! ಹಳೆಯ ಕಂಪನಿಯು ಅವನ ಸ್ಥಾನಕ್ಕೆ ಬೇರೊಬ್ಬನನ್ನು ತೆಗೆದುಕೊಂಡಾಗಿತ್ತು. ಹೊಸದಕ್ಕೆ ಸೇರದೆ ಗತಿಯಿರಲಿಲ್ಲ. ಸೇರಿದ ಎರಡು ತಿಂಗಳಲ್ಲಿ, ತನ್ನಷ್ಟೇ ಅನುಭವದವನೊಬ್ಬನಿಗೆ ಅದೇ ಸ್ಥಾನಕ್ಕೆ ಹದಿನೈದು ಲಕ್ಷ ಕೊಟ್ಟಿದ್ದಾರೆಂಬದೂ ಅವನಿಗೆ ತಿಳಿಯಿತು. ತಾಯಿಯು ಘಂಟೆಯನ್ನು ಮಾತ್ರ ಹೇಳಿಕೊಂಡಂತೆಯೇ ಕಟ್ಟಿ ಬಂದಳು.

ವಾಚಕರು ಇಲ್ಲಿ ಒಂದನ್ನು ವಿಚಾರಿಸಬೇಕು. ಆ ರಿಕ್ರೂಟರ್ ತರುಣಿಯು ಸುಳ್ಳು ಹೇಳಿದಳೆ? ಹನ್ನೆರಡು ಎಂದಳು, ಹನ್ನೆರಡೇ ಬರೆಯಿತು. ಹದಿನೈದರವರೆಗೆ ಕೊಡಬಹುದಾಗಿತ್ತೆಂದು ಅವಳು ಹೇಳಲಿಲ್ಲ. ಇವನು ಕೇಳಲೂ ಇಲ್ಲ. ನಂಬಿಕೆಯೆಂಬ ಶಬ್ದವನ್ನು ನಾವು ಸಡಿಲವಾಗಿ ಬಳಸುತ್ತೇವೆ. ಸುಳ್ಳು ಹೇಳಲಾರಳೆಂದು ಒಬ್ಬಳನ್ನು ನಂಬುವದು ಬೇರೆ, ನನ್ನ ಹಿತವನ್ನು ನೋಡಿಯಾಳೆಂದು ನಂಬುವದು ಬೇರೆ. ಮೊದಲನೆಯ ನಂಬಿಕೆಗೆ ರಿಕ್ರೂಟರರಲ್ಲಿ ಬಹುಮಂದಿ ಯೋಗ್ಯರೇ ಎಂದು ನಮ್ಮ ಅಭಿಪ್ರಾಯ. ಸಂದರ್ಶನ ಎಂದು, ಕೆಲಸವೇನು, ಯಾವ ಊರಿನಲ್ಲಿ, ಮನೆಯಿಂದ ಕೆಲಸ ಮಾಡಲು ಬಿಡುವರೋ ಎಂಬಿವುಗಳನ್ನು ಅವರು ಸರಿಯಾಗಿಯೇ ಹೇಳುತ್ತಾರೆ. ಹೇಳದಿದ್ದರೆ ಹುಡುಗನು ಸೇರಿದ ಮೇಲೆ ಓಡಿಹೋಗುವನು, ನಷ್ಟ ಅವರಿಗೇ. ಎರಡನೆಯ ನಂಬಿಕೆಯನ್ನು ಅವರ ಮೇಲೆ ಹೇರುವದೇ ಅನ್ಯಾಯ. ಖರೀದಿದಾರನ ಗುಮಾಸ್ತನು ಬೆಳೆಗಾರನ ಲಾಭವನ್ನು ಕಾಯಲಿಲ್ಲವೆಂದು ಯಾರೂ ದೂರುವದಿಲ್ಲವಷ್ಟೆ.

ಅವರ ಕಷ್ಟವೂ ಕಡಿಮೆಯದಲ್ಲ. 2021-22ರಲ್ಲಿ ಸಾಫ್ಟ್‌ವೇರ್ ಪೇಟೆಗೆ ವಿಪರೀತ ಕಾವು ಬಂದಾಗ ತರುಣರು ನಾಲ್ಕು ನಾಲ್ಕು ಕಂಪನಿಗಳ ಪತ್ರಗಳನ್ನು ಕಿಸೆಯಲ್ಲಿಟ್ಟುಕೊಂಡು, ಒಂದನ್ನು ತೋರಿಸಿ ಇನ್ನೊಂದನ್ನು ಏರಿಸುತ್ತ, ಸೇರುವ ದಿನದ ಬೆಳಿಗ್ಗೆ ಫೋನನ್ನೇ ಎತ್ತದೆ ಇದ್ದುಬಿಟ್ಟದ್ದುಂಟು. 2022ರ ಮಾರ್ಚಿಗೆ ಕೊನೆಗೊಂಡ ಕಾಲದಲ್ಲಿ ಇನ್ಫೋಸಿಸ್ ಒಂದರಲ್ಲಿಯೇ ಬಿಟ್ಟು ಹೋಗುವವರ ಪ್ರಮಾಣವು ವರ್ಷಕ್ಕೆ ಶೇಕಡಾ 27.7ಕ್ಕೆ ಮುಟ್ಟಿತ್ತು. ಅಡಿಕೆಯ ಧಾರಣೆಯು ಏರಿದಂತೆ ಇಳಿಯುವದೂ ಇದೆಯಷ್ಟೆ. 2023ರ ಫೆಬ್ರುವರಿಯಲ್ಲಿ ವಿಪ್ರೋ ಕಂಪನಿಯು ಆರೂವರೆ ಲಕ್ಷಕ್ಕೆ ಒಪ್ಪಿಕೊಂಡು ಕಾಯುತ್ತಿದ್ದ ಹೊಸ ಪದವೀಧರರಿಗೆ, ಮೂರೂವರೆ ಲಕ್ಷಕ್ಕೆ ಬರುವಿರಾ ಎಂದು ಕೇಳಿ ಪತ್ರ ಬರೆದದ್ದು ಪತ್ರಿಕೆಗಳಲ್ಲೆಲ್ಲ ಬಂದಿತು. 2024ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಇನ್ಫೋಸಿಸ್‌ನ ನೌಕರರ ಸಂಖ್ಯೆಯು ಸುಮಾರು 26,000, ಟಿಸಿಎಸ್‌ನದು ಸುಮಾರು 13,000 ಇಳಿಯಿತು. ಇಂಥ ಇಳಿತದ ಕಾಲದಲ್ಲಿ ಹುಡುಗನು ಹಟ ಮಾಡಿದರೆ ಬಾಗಿಲು ಮುಚ್ಚುವದೂ ಉಂಟು. ಪೇಟೆಯನ್ನು ನೋಡದೆ ಪುಸ್ತಕದ ಬುದ್ಧಿಯಿಂದ ಚೌಕಾಶಿ ಮಾಡಬಾರದು.

ಹೊರದೇಶಗಳಲ್ಲಿ ಈ ಕತ್ತಲೆಯನ್ನು ಕಾಯಿದೆಯಿಂದ ನೀಗಿಸಲು ಯತ್ನಿಸಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2018ನೇ ಇಸವಿ ಜನವರಿ 1ರಿಂದ ಅಭ್ಯರ್ಥಿಯ ಹಿಂದಿನ ಸಂಬಳವನ್ನು ಯಜಮಾನನು ಕೇಳುವಂತಿಲ್ಲ; ಮೆಸಾಚುಸೆಟ್ಸಿನಲ್ಲಿ ಅದೇ ವರ್ಷದ ಜುಲೈಯಿಂದ ಇಂಥದೇ ನಿಯಮ. ಕೊಲರಾಡೋದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರಿನಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ, ನೌಕರಿಯ ಜಾಹೀರಾತಿನಲ್ಲಿಯೇ ಇಷ್ಟರಿಂದ ಇಷ್ಟರವರೆಗೆ ಕೊಡಲಾಗುವದೆಂದು ಬರೆಯಬೇಕಾಗಿದೆ. ಯುರೋಪಿನ ಒಕ್ಕೂಟವೂ 2023ರಲ್ಲಿ ಇಂಥ ನಿರ್ದೇಶವನ್ನು ಹೊರಡಿಸಿತು. ನಮ್ಮಲ್ಲಿ ಅಂಥ ಕಾಯಿದೆಯಿಲ್ಲ. ಹಿಂದಿನ ಸಂಬಳದ ಚೀಟಿಯನ್ನು ಕೇಳುವದೇ ರೂಢಿ. ‘ಈಗಿನದರ ಮೇಲೆ ಶೇಕಡಾ ಮೂವತ್ತು’ ಎಂಬದೇ ಇವರ ತಕ್ಕಡಿ. ಮೊದಲ ಸಲ ಕಡಿಮೆಗೆ ಸಿಕ್ಕಿಬಿದ್ದವನು ಹತ್ತು ವರ್ಷ ಅದನ್ನು ಹೊರುವದು ಹೀಗೆ. ಹೆಣ್ಣುಮಕ್ಕಳು, ಹೆರಿಗೆಗೆಂದು ಕೆಲಕಾಲ ಕೆಲಸ ಬಿಟ್ಟು ಮರಳಿದವರು, ಇದರಿಂದ ಹೆಚ್ಚು ಪೆಟ್ಟು ತಿನ್ನುತ್ತಾರೆ.

ಕಾಯಿದೆಯಿದ್ದ ದೇಶದಲ್ಲಿಯೂ ಯಜಮಾನರು ಒಳಸಂಚು ಮಾಡದೆ ಬಿಟ್ಟಿಲ್ಲ. ಅಮೇರಿಕೆಯಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿ ಮೊದಲಾದ ಕಂಪನಿಗಳು, ನಿಮ್ಮ ನೌಕರರಿಗೆ ನಾವು ಕರೆ ಮಾಡುವದಿಲ್ಲ, ನಮ್ಮವರಿಗೆ ನೀವು ಮಾಡಬೇಡಿ ಎಂದು ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದವು. 2010ರಲ್ಲಿ ಅಲ್ಲಿಯ ಸರಕಾರದ ನ್ಯಾಯ ಇಲಾಖೆಯು ಇದನ್ನು ಹಿಡಿದು ನಿಲ್ಲಿಸಿತು; ನೌಕರರು ಹೂಡಿದ ದಾವೆಯು 2015ರಲ್ಲಿ ನಾಲ್ಕು ಕಂಪನಿಗಳು 41 ಕೋಟಿ 50 ಲಕ್ಷ ಡಾಲರುಗಳನ್ನು ಕೊಡುವದರೊಂದಿಗೆ ಮುಗಿಯಿತು. ಅದರಲ್ಲಿ ಫಿರ್ಯಾದಿಗಳಾಗಿದ್ದವರು ಸುಮಾರು 64,000 ಮಂದಿ. ಈ ಪ್ರಕರಣವನ್ನು ಓದಿದಾಗ ನಮಗೆ ಹೊಳೆದದ್ದು ಬೇರೆಯೇ ಸಂಗತಿ. ರಿಕ್ರೂಟರನ ಫೋನು ಬರದಂತೆ ಮಾಡಲು ಆ ದೊಡ್ಡ ಯಜಮಾನರು ಅಷ್ಟು ಹೆಣಗಿದರೆಂದರೆ, ಆ ಫೋನಿನಿಂದ ನೌಕರನಿಗೆ ಬಹಳ ಲಾಭವಿರಲೇಬೇಕಲ್ಲವೆ? ಹೊರಗಿನ ಬೆಲೆ ಎಷ್ಟೆಂದು ಹುಡುಗನಿಗೆ ತಿಳಿಸುವವನು ಅವನೊಬ್ಬನೇ. ಆದುದರಿಂದ ದಲಾಲನೆಂದು ಬಾಗಿಲು ಹಾಕುವದು ಜಾಣತನವಲ್ಲ. ಫೋನು ಎತ್ತಬೇಕು, ಕೇಳಬೇಕು, ಒಬ್ಬನಿಗಿಂತ ಹೆಚ್ಚು ಜನರೊಡನೆ ಮಾತಾಡಬೇಕು.

ಮಾತಾಡುವಾಗ ಏನು ಮಾಡಬೇಕೆಂದು ನಮ್ಮನ್ನು ಕೇಳುವ ತಂದೆತಾಯಿಗಳಿಗೆ ನಾವು ಹೇಳುವದು ಹೆಚ್ಚಿಲ್ಲ. ತಾನೇ ಮೊದಲು ಅಂಕಿಯನ್ನು ಹೇಳದೆ, “ಈ ಸ್ಥಾನಕ್ಕೆ ಎಷ್ಟರಿಂದ ಎಷ್ಟರವರೆಗೆ ಇಟ್ಟಿದ್ದೀರಿ?” ಎಂದು ಕೇಳುವದರಲ್ಲಿ ಅವಿನಯವೇನೂ ಇಲ್ಲ. ಈಗಿನ ಸಂಬಳದ ಬಗ್ಗೆ ಸುಳ್ಳು ಹೇಳಕೂಡದು. ಚೀಟಿಗಳನ್ನೂ ಪಿಎಫ್‌ನ ದಾಖಲೆಗಳನ್ನೂ ಅವರು ಪರಿಶೀಲಿಸುತ್ತಾರೆ, ಸಿಕ್ಕಿಬಿದ್ದರೆ ಸೇರಿದ ಮೇಲೆಯೂ ಕೆಲಸ ಹೋದೀತು. ಹೇಳಲು ಮನಸ್ಸಿಲ್ಲದಿದ್ದರೆ ‘ಕೆಲಸದ ಯೋಗ್ಯತೆಗೆ ತಕ್ಕದ್ದನ್ನು ಹೇಳಿರಿ’ ಎನ್ನಬಹುದು. ಇಲ್ಲದ ಇನ್ನೊಂದು ಕಂಪನಿಯ ಪತ್ರವನ್ನು ಇದೆಯೆನ್ನುವದೂ ಬೇಡ. ಆರು ತಿಂಗಳಿಗೆ ಏರಿಸುತ್ತೇವೆ ಎಂಬಂಥ ಮಾತನ್ನು ಪತ್ರದಲ್ಲಿ ಬರೆಯಿಸಿಕೊಳ್ಳಬೇಕು. ಬರೆಯಲೊಲ್ಲದ ಮಾತು ಆಡಿದ್ದೇ ಅಲ್ಲವೆಂದು ತಿಳಿಯಬೇಕು. ಮುಖ್ಯವಾಗಿ, ಪಟ್ಟಿಸಹಿತವಾದ ಪತ್ರವು ಕೈಗೆ ಬಂದು, ತಿಂಗಳಿಗೆ ಬರುವದೆಷ್ಟೆಂದು ಕಾಗದದ ಮೇಲೆ ಕೂಡಿಸಿ ಕಳೆದು ನೋಡುವ ಮೊದಲು ರಾಜೀನಾಮೆ ಕೊಡಬಾರದು. ಮನೆಯವರೂ ಸಾಲಕ್ಕೆ ಸಹಿ ಹಾಕಬಾರದು.

ನೌಕರಿ ಕೊಡಿಸುತ್ತೇನೆಂದು ಹುಡುಗನಿಂದಲೇ ಹಣ ಕೇಳುವವನು ರಿಕ್ರೂಟರನಲ್ಲ, ಠಕ್ಕನು. ನೋಂದಣಿಗೆ, ತರಬೇತಿಗೆ, ಲ್ಯಾಪ್‌ಟಾಪಿನ ಠೇವಣಿಗೆ ಎಂದು ಅವನು ಹೆಸರು ಬದಲಿಸುತ್ತಿರುತ್ತಾನೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದೊಯ್ದು ಮ್ಯಾನ್ಮಾರಿನ ಮೋಸದ ಕೂಪಗಳಲ್ಲಿ ತರುಣರನ್ನು ಕೂಡಿಹಾಕುತ್ತಿರುವರೆಂದು ನಮ್ಮ ವಿದೇಶಾಂಗ ಇಲಾಖೆಯು 2022ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಸಿತ್ತು. ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು.

ಈಚೆಗೆ ಅದೇ ತೋಟಿಗರು ಅಡಿಕೆ ಕೊಡಲು ಪೇಟೆಗೆ ಬಂದವರು ನಮ್ಮನ್ನು ಕಂಡುಹೋದರು. ಸಾಲದ ಕಂತುಗಳಲ್ಲಿ ಎರಡು ತಪ್ಪಿದ್ದವಂತೆ, ಚಾಲಿಯನ್ನು ಅಕಾಲದಲ್ಲಿ ಮಾರಿ ಸರಿಪಡಿಸಿದರಂತೆ. ಮಗನ ಸುದ್ದಿಯನ್ನು ಕೇಳಿದೆವು. ಹಿಂದೆ ಫೋನು ಮಾಡಿದ್ದ ತರುಣಿಯೇ ಈಗ ಬೇರೊಂದು ಕಂಪನಿಗೆ ಹೋಗಿದ್ದಾಳೆ. ಅಲ್ಲಿಂದ ಮತ್ತೆ ಅವನಿಗೆ ಫೋನು ಮಾಡಿದ್ದಳು. ಈ ಸಲ ಅವನು ಅಂಕಿಯನ್ನು ಹೇಳಲಿಲ್ಲ. ಆ ಸ್ಥಾನಕ್ಕೆ ಎಷ್ಟು ಇಟ್ಟಿದ್ದಾರೆಂದು ಕೇಳಿದನು. ಅವಳು ಕ್ಷಣವೂ ತಡೆಯದೆ, “ಹದಿನಾರರಿಂದ ಇಪ್ಪತ್ತು ಸರ್” ಎಂದಳಂತೆ. ಹೋದ ಸಲವೂ ಕೇಳಿದ್ದರೆ ಹೇಳುತ್ತಿದ್ದಿರಾ ಎಂದು ಇವನು ನಗುತ್ತ ವಿಚಾರಿಸಿದ್ದಕ್ಕೆ, “ಹೇಳುತ್ತಿದ್ದೆ, ಯಾರೂ ಕೇಳುವದೇ ಇಲ್ಲ” ಎಂದಳಂತೆ. ಪತ್ರವು ಇನ್ನೂ ಬರಬೇಕಾಗಿದೆ. ಹುಡುಗನು ಹಳೆಯ ಕೆಲಸದಲ್ಲಿಯೇ ಇದ್ದಾನೆ. ತಾಯಿಯು ಈ ಸಲದ ಘಂಟೆಯನ್ನು ಇನ್ನೂ ಕೊಂಡಿಲ್ಲ.